ಪ್ಲಾನ್ 300, ಮೆತ್ತಿನ ರೂಮಲ್ಲಿ ಸಿಗುವುದು 34. ತೊಂದರೆ ಲೈನಿನದಾ, ಮನೆಯದಾ?

ತೋಟದಮನೆ
ಶನಿವಾರ, ಬೆಳಗ್ಗೆ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಎರಡು ವರ್ಷದಿಂದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಿದ್ದೇನೆ. ನನ್ನ ಹೆಂಡತಿ ಸಂಜೆ ಹೊತ್ತು ಆನ್‌ಲೈನಲ್ಲಿ ಸಂಗೀತ ಪಾಠ ಹೇಳುತ್ತಾಳೆ. ಇಬ್ಬರ ದುಡಿಮೆಯೂ ಇಂಟರ್ನೆಟ್ ಮೇಲೇ ನಿಂತಿದೆ.

ಫೈಬರ್ ಕನೆಕ್ಷನ್, 300 ಎಂಬಿಪಿಎಸ್ ಪ್ಲಾನ್. ಫೈಬರ್ ಬಂದು ಸೇರುವ, ವೈಫೈ ಕೊಡುವ ಡಬ್ಬ ಇರುವುದು ಜಗಲಿಯಲ್ಲಿ, ಮೀಟರ್ ಬೋರ್ಡ್ ಪಕ್ಕ. ನಾವು ಕೆಲಸ ಮಾಡುವ ರೂಮು ಹಿಂಬದಿಯ ಮೆತ್ತಿನಲ್ಲಿ, ಅಂದರೆ ಮಹಡಿಯಲ್ಲಿ. ನಡುವೆ ಎರಡು ಮಣ್ಣಿನ ಗೋಡೆ ಬರುತ್ತವೆ, ಒಂದೊಂದೂ ಒಂದೂವರೆ ಅಡಿ ದಪ್ಪ. ಜಗಲಿಯ ವೈಫೈ ಮೇಲಕ್ಕೆ ಬರುವುದೇ ಇಲ್ಲ. ಅದಕ್ಕೇ ಮೂರು ವರ್ಷದ ಹಿಂದೆ ಡಬ್ಬದಿಂದ ಮೇಲಕ್ಕೆ ಇಂಟರ್ನೆಟ್ ಒಯ್ಯುವ ಒಂದು ಲ್ಯಾನ್ ವೈರ್ ಎಳೆಸಿ, ಅಲ್ಲಿ ವೈಫೈ ಕೊಡಲು ಮೆತ್ತಿನಲ್ಲಿ ಒಂದು ಹಳೇ ರೂಟರ್ ಇಟ್ಟೆ.

ಮೆತ್ತಿನಲ್ಲಿ ಫೋನ್ ಹಿಡಿದು ಸ್ಪೀಡ್ ಟೆಸ್ಟ್ ಮಾಡಿದರೆ 34 ಬರುತ್ತದೆ. ಕೇಬಲ್ ಹುಡುಗ ಬಂದು, ಡಬ್ಬದ ಪಕ್ಕ ನಿಂತು ತನ್ನ ಫೋನಲ್ಲಿ 290 ತೋರಿಸಿದ. "ಅಣ್ಣ, ನಮ್ಮ ಕಡೆಯಿಂದ ಎಲ್ಲ ಸರಿ ಇದೆ" ಅಂದು ಹೋದ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ 500ರ ಪ್ಲಾನ್ ಹಾಕಿಸಿ ಅಂದರು. ತಿಂಗಳಿಗೆ ಇನ್ನೂ ನಾನೂರು ರೂಪಾಯಿ ಜಾಸ್ತಿ. ಕೊಡಲು ತಯಾರಿದ್ದೇನೆ. ಆದರೆ ಕೊಟ್ಟರೆ ಸರಿಯಾಗುತ್ತದಾ? ನಿನ್ನೆ ಪಾಠದ ನಡುವೆ ಮೂರು ಸಲ ಧ್ವನಿ ಕಡಿದುಹೋಯಿತು. ಮಕ್ಕಳು ಸರಳೆ ಹೇಳುತ್ತಿದ್ದರು, ಇವಳಿಗೆ ತಾಳವೇ ಸಿಗಲಿಲ್ಲ. ಪಾಠ ಮುಗಿಸಿ ಬಂದವಳ ಮುಖ ನೋಡಲು ಆಗಲಿಲ್ಲ.

ಜಯನಗರದವ
ಶನಿವಾರ, ಬೆಳಗ್ಗೆ 10:05

ಸರ್, ಒಂದು ಮೆಶ್ ವೈಫೈ ಸೆಟ್ ತಗೊಳ್ಳಿ, ಅಂದರೆ ಮನೆಯಲ್ಲಿ ಅಲ್ಲಲ್ಲಿ ಇಟ್ಟು, ವೈರಿಲ್ಲದೆ ಒಂದರಿಂದ ಇನ್ನೊಂದಕ್ಕೆ ವೈಫೈ ದಾಟಿಸುವ ಡಬ್ಬಗಳು. ನಮ್ಮ ಫ್ಲ್ಯಾಟಲ್ಲಿ ಹಾಕಿದ ಮೇಲೆ ಮೂಲೆ ಮೂಲೆಗೂ 200ರ ಮೇಲೆ ಬರುತ್ತಿದೆ. ಈ ತಲೆನೋವೇ ಬೇಡ.

ಲ್ಯಾಬ್ ಮೇಷ್ಟ್ರು
ಶನಿವಾರ, ಬೆಳಗ್ಗೆ 10:50

ತೋಟದಮನೆಯವರೇ, ಪ್ಲಾನ್ ಈಗಲೇ ಏರಿಸಬೇಡಿ. ಮೆಶ್ ಕೂಡ ಈಗಲೇ ತರಬೇಡಿ. ಮೊದಲು ಅಳೆಯೋಣ.

ನಿಮ್ಮ ಮನೆಯಲ್ಲಿ ಎರಡು ಬೇರೆ ಬೇರೆ ವೇಗಗಳಿವೆ. ಹೊರಗಿನಿಂದ ಡಬ್ಬದವರೆಗೆ ಬರುವುದು ಒಂದು. ತಿಂಗಳ ಬಿಲ್ ಕಟ್ಟುವುದು ಅದಕ್ಕೆ. ಡಬ್ಬದಿಂದ ನಿಮ್ಮ ಕೈಯಲ್ಲಿರುವ ಫೋನಿನವರೆಗೆ ಹೋಗುವುದು ಇನ್ನೊಂದು. ಅದು ನಿಮ್ಮ ವೈರು, ನಿಮ್ಮ ರೂಟರ್, ನಿಮ್ಮ ವೈಫೈ. ಸ್ಪೀಡ್ ಟೆಸ್ಟ್ ಇವೆರಡನ್ನೂ ಬಿಡಿಸಿ ತೋರಿಸುವುದಿಲ್ಲ. ಎರಡರಲ್ಲಿ ಯಾವುದು ಕಡಿಮೆಯೋ ಅದರ ಅಂಕಿ ಮಾತ್ರ ಕಾಣುತ್ತದೆ. ಡಬ್ಬದ ಹತ್ತಿರ 290, ಮೆತ್ತಿನಲ್ಲಿ 34 ಅಂದರೆ ಉಳಿದದ್ದೆಲ್ಲ ಮನೆಯೊಳಗೇ ಕಳೆದುಹೋಗುತ್ತಿದೆ ಅಂತ ನನ್ನ ಅನುಮಾನ. ಹಾಗಿದ್ದರೆ 500ರ ಪ್ಲಾನ್ ಹಾಕಿಸಿದರೂ ಮೆತ್ತಿನಲ್ಲಿ ಅದೇ 34 ಬರುತ್ತದೆ.

ನಾವೆಲ್ಲ ಇದನ್ನು ತಪ್ಪು ತಿಳಿಯುವುದಕ್ಕೆ ಒಂದು ಕಾರಣ ಇದೆ. 2005ರ ಸುಮಾರಿಗೆ ಬ್ರಾಡ್‌ಬ್ಯಾಂಡ್ ಬಂದಾಗ 256 ಕೆಬಿಪಿಎಸ್ ಸಿಕ್ಕರೆ ಅದೇ ಬ್ರಾಡ್‌ಬ್ಯಾಂಡ್. ಆಗಲೇ ಮನೆಯೊಳಗಿನ ಲ್ಯಾನ್ ವೈರ್ 100 ಎಂಬಿಪಿಎಸ್ ಹೊರುತ್ತಿತ್ತು. ಅಂದರೆ ಲೈನಿಗಿಂತ ಸುಮಾರು 400 ಪಟ್ಟು. ನಿಧಾನ ಆಯಿತು ಅಂದರೆ ಕಣ್ಣು ಮುಚ್ಚಿಕೊಂಡು ಲೈನ್ ಸರಿ ಇಲ್ಲ ಅನ್ನಬಹುದಿತ್ತು. ಆ ಅಭ್ಯಾಸ ಹಾಗೇ ಉಳಿದಿದೆ. 2023ರ ಜನವರಿಯಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಮನೆಗಳಿಗೆ ಬರುತ್ತಿರುವುದು ಅದಕ್ಕಿಂತ ಎಷ್ಟೋ ಜಾಸ್ತಿ, ನಿಮಗೇ 300 ಇದೆ. ಹೊರಗಿನ ದಾರಿ ಅಗಲ ಆಯಿತು, ಮನೆಯೊಳಗಿನದು ಹಳೆಯದೇ ಉಳಿಯಿತು.

ಒಂದು ಕೆಲಸ ಮಾಡಿ. ಲ್ಯಾಪ್‌ಟಾಪನ್ನು ಜಗಲಿಗೆ ಒಯ್ಯಿರಿ. ಡಬ್ಬದ ಜೊತೆ ಬಂದ ಚಿಕ್ಕ ಲ್ಯಾನ್ ವೈರ್ ಇದ್ದರೆ ಅದರಲ್ಲಿ ನೇರವಾಗಿ ಡಬ್ಬಕ್ಕೆ ಸೇರಿಸಿ. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ. ಮನೆಯವರ ಫೋನು, ಟಿವಿ ಎಲ್ಲ ಐದು ನಿಮಿಷ ಸುಮ್ಮನಿರಲಿ. ಆಮೇಲೆ ಟೆಸ್ಟ್ ಮಾಡಿ ಅಂಕಿ ಇಲ್ಲಿ ಹಾಕಿ.

ಕುಂದಾಪ್ರದವಳು
ಶನಿವಾರ, ಬೆಳಗ್ಗೆ 11:15

ಮೇಷ್ಟ್ರೇ, ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು 100ರ ಪ್ಲಾನ್. ಕಂಪ್ಯೂಟರಲ್ಲಿ ಏನಾದರೂ ಡೌನ್‌ಲೋಡ್ ಮಾಡಿದರೆ 11 ಅಂತ ತೋರಿಸುತ್ತದೆ. ಹನ್ನೊಂದೇ! ಎರಡು ಸಲ ಕಂಪ್ಲೇಂಟ್ ಕೊಟ್ಟೆ. ಇದೂ ಮನೆಯೊಳಗಿನ ತೊಂದರೆಯಾ?

ಲ್ಯಾಬ್ ಮೇಷ್ಟ್ರು
ಶನಿವಾರ, ಬೆಳಗ್ಗೆ 11:25

ಅಕ್ಕ, ನಿಮಗೆ ತೊಂದರೆಯೇ ಇಲ್ಲ. ನಿಮ್ಮ ಲೈನು ಪೂರ್ತಿ ಬರುತ್ತಿದೆ.

ಕಂಪನಿ ವೇಗ ಹೇಳುವುದು ಬಿಟ್ ಲೆಕ್ಕದಲ್ಲಿ. ಕಂಪ್ಯೂಟರ್ ಫೈಲ್ ಅಳೆಯುವುದು ಬೈಟ್ ಲೆಕ್ಕದಲ್ಲಿ. 8 ಬಿಟ್ ಸೇರಿದರೆ 1 ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ಅದರಲ್ಲಿ ವಿಳಾಸ, ಲೆಕ್ಕಪತ್ರ ಅಂತ ಒಂದಿಷ್ಟು ಹೋಗುತ್ತದೆ. ಉಳಿದದ್ದು ಸೆಕೆಂಡಿಗೆ 11-12 ಎಂಬಿ. ನಿಮಗೆ ಸಿಗುತ್ತಿರುವುದು ಅದೇ.

ಕುಂದಾಪ್ರದವಳು
ಶನಿವಾರ, ಬೆಳಗ್ಗೆ 11:32

ಇಷ್ಟು ದಿನ ಯಾರೂ ಇದನ್ನು ಹೇಳಲಿಲ್ಲ ನೋಡಿ. ತುಂಬಾ ಥ್ಯಾಂಕ್ಸ್. ಇನ್ನೊಂದು ಮಾತು. ನಮ್ಮದು ಮುರಕಲ್ಲಿನ ಗೋಡೆ. ಟಿವಿ ಕಡೆ ವೈಫೈ ಬಹಳ ಕಡಿಮೆ. ಅಮ್ಮ ಧಾರಾವಾಹಿ ನೋಡುವಾಗ ಸುತ್ತುತ್ತಾ ನಿಲ್ಲುತ್ತದೆ. ಟಿವಿಗೆ ವೈರ್ ಹಾಕಿಸಲಾ?

ಲ್ಯಾಬ್ ಮೇಷ್ಟ್ರು
ಶನಿವಾರ, ಬೆಳಗ್ಗೆ 11:40

ಖಂಡಿತ ಹಾಕಿಸಿ. ಜಾಗ ಬಿಟ್ಟು ಕದಲದ ವಸ್ತುವಿಗೆಲ್ಲ ವೈರೇ ಒಳ್ಳೆಯದು. ಹೆಚ್ಚಿನ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದೇ ಇರುತ್ತದೆ. ಅದು ಕಡಿಮೆಯಾಯಿತು ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ನೆಟ್‌ಫ್ಲಿಕ್ಸ್ ತನ್ನ 4ಕೆ ಚಿತ್ರಕ್ಕೇ 15 ಎಂಬಿಪಿಎಸ್ ಇದ್ದರೆ ಸಾಕು ಅನ್ನುತ್ತದೆ. ಟಿವಿಗೆ ಬೇಕಾದದ್ದು ಕಡಿಯದೆ ಬರುವ ವೇಗ. ಮುರಕಲ್ಲು ದಾಟಿ ಬರುವ ವೈಫೈ ಅದನ್ನು ಕೊಡುವುದಿಲ್ಲ.

ತೋಟದಮನೆ
ಶನಿವಾರ, ಮಧ್ಯಾಹ್ನ 1:10

ಮೇಷ್ಟ್ರೇ, ಜಗಲಿಯಲ್ಲಿ ಕೂತು ಮಾಡಿದೆ. ಚಿಕ್ಕ ವೈರಲ್ಲಿ ಮೂರು ಸಲ ಟೆಸ್ಟ್: 287, 291, 288.

ಹಾಗಾದರೆ ಲೈನ್ ಸರಿ ಇದೆ ಅಲ್ವಾ? ಆ ಹುಡುಗನಿಗೆ ಸುಮ್ನೆ ಬೈದೆ. ಸಂಜೆ ಅವನಿಗೆ ಫೋನ್ ಮಾಡಿ ಹೇಳುತ್ತೇನೆ.

ಲೈನ್‌ಮನ್ ಹಾಸನ
ಶನಿವಾರ, ಮಧ್ಯಾಹ್ನ 2:00

ಅಣ್ಣ, ಹೇಳಿ ದಯವಿಟ್ಟು. ನಾನೂ ಅದೇ ಕೆಲಸದವನು, ಆರು ವರ್ಷ ಆಯಿತು. ದಿನಕ್ಕೆ ಹತ್ತು ಕಂಪ್ಲೇಂಟ್ ಬಂದರೆ ಬಹಳಷ್ಟು ಹೀಗೆ ಮನೆಯೊಳಗಿನವೇ. ನಮಗೆ ಡಬ್ಬದವರೆಗೆ ಮಾತ್ರ ಜವಾಬ್ದಾರಿ ಅಂತ ಹೇಳಿ ಕಳಿಸುತ್ತಾರೆ. ಬಾಗಿಲಲ್ಲಿ ನಿಂತು ಅದನ್ನು ಹೇಳಿದರೆ ಜನರಿಗೆ ಸಿಟ್ಟು ಬರುತ್ತದೆ. ಸಹಜವೇ, ಅವರು ದುಡ್ಡು ಕೊಟ್ಟಿರುತ್ತಾರೆ.

ಫೈಬರ್ ವಿಷಯ ಒಂದು ಹೇಳುತ್ತೇನೆ. ಹಳೇ ಟೆಲಿಫೋನ್ ತಂತಿಯ ಕಾಲದಲ್ಲಿ ಎಕ್ಸ್‌ಚೇಂಜ್‌ನಿಂದ ಮನೆ ದೂರ ಆದಷ್ಟೂ ವೇಗ ಇಳಿಯುತ್ತಿತ್ತು. ಫೈಬರ್ ಹಾಗಲ್ಲ. ನಾವು ಮೀಟರ್ ಹಿಡಿದು ಬೆಳಕಿನ ಪವರ್ ನೋಡುತ್ತೇವೆ. ಮೈನಸ್ 18, ಮೈನಸ್ 22 ಡಿಬಿಎಂ ಹೀಗೆ ಬಂದರೆ ಚೆನ್ನಾಗಿದೆ ಅಂತ ಲೆಕ್ಕ. ಬೆಳಕು ಇನ್ನೂ ಕುಗ್ಗಿ ಮೈನಸ್ 27 ದಾಟಿದರೆ ಲೈನ್ ಕಟ್ಟಾಗುತ್ತಾ ಬರುತ್ತದೆ, ಡಬ್ಬದಲ್ಲಿ ಕೆಂಪು ದೀಪ ಮಿನುಗುತ್ತದೆ. ಅಂದರೆ ಫೈಬರ್ ಕೆಟ್ಟರೆ ಸಾಮಾನ್ಯವಾಗಿ ಬಿಟ್ಟು ಬಿಟ್ಟು ಬರುತ್ತದೆ, ಇಲ್ಲ ಪೂರ್ತಿ ಹೋಗುತ್ತದೆ. ದಿನವಿಡೀ ನೆಟ್ಟಗೆ 34 ಅಂತ ನಿಂತಿದ್ದರೆ ನಾನು ಮೊದಲು ನೋಡುವುದು ಮನೆಯೊಳಗಿನ ವೈರು, ವೈಫೈಗಳನ್ನೇ.

ತುಮಕೂರು ರಸ್ತೆ
ಶನಿವಾರ, ಮಧ್ಯಾಹ್ನ 2:30

ಎಲ್ಲ ತಪ್ಪೂ ಮನೆಯದೇ ಅಂತ ಆಗಬಾರದು. ನಮ್ಮ ಮನೆಯಲ್ಲಿ ಡಬ್ಬಕ್ಕೆ ವೈರ್ ಹಾಕಿಯೇ ನೋಡಿದ್ದೇನೆ. ಬೆಳಗ್ಗೆ 150 ಬರುತ್ತದೆ. ರಾತ್ರಿ 9ಕ್ಕೆ 40. ಅದೇ ವೈರು, ಅದೇ ಲ್ಯಾಪ್‌ಟಾಪ್. ಇದಕ್ಕೆ ಏನು ಹೇಳುತ್ತೀರಿ?

ಲೈನ್‌ಮನ್ ಹಾಸನ
ಶನಿವಾರ, ಮಧ್ಯಾಹ್ನ 2:50

ಸರ್, ನಿಮ್ಮದು ನಮ್ಮ ಕಡೆಯ ತಪ್ಪೇ. ಹೆಚ್ಚಿನ ಕಡೆ ಇರುವ ಜಿಪಾನ್ ಅನ್ನುವ ಬಗೆಯ ಫೈಬರಲ್ಲಿ ಒಂದು ಎಳೆ ಮನೆಗಳ ಕಡೆಗೆ ಒಟ್ಟು 2.5 ಗಿಗಾಬಿಟ್, ಅಂದರೆ 2500 ಎಂಬಿಪಿಎಸ್ ತರುತ್ತದೆ. ಅದನ್ನು ಸ್ಪ್ಲಿಟರ್ ಹಾಕಿ 32 ಮನೆಗೋ 64 ಮನೆಗೋ ಹಂಚುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ಬಳಸುವುದಿಲ್ಲ ಅನ್ನುವ ಲೆಕ್ಕದ ಮೇಲೆ ಅದು ನಡೆಯುತ್ತದೆ. ರಾತ್ರಿ 9ಕ್ಕೆ ಎಲ್ಲರೂ ಟಿವಿ ಮುಂದೆ ಇರುತ್ತಾರೆ. ಆಗ ಅಲ್ಲಾದರೂ ಸಾಲದೆ ಬರಬಹುದು, ಆಪರೇಟರ್ ಮೇಲಿನಿಂದ ತಗೊಂಡ ಲೈನ್ ಆದರೂ ಸಾಲದೆ ಬರಬಹುದು.

ನೀವು ಮಾಡಿದ ಹಾಗೆ ವೈರಲ್ಲಿ ಅಳೆದು, ಸಮಯ ಸಮೇತ ನಾಲ್ಕು ದಿನದ ಅಂಕಿ ಬರೆದು ಕೊಡಿ. ವೈಫೈಯಲ್ಲಿ ಅಳೆದ ಅಂಕಿಯನ್ನು ಆಫೀಸಲ್ಲಿ ಯಾರೂ ಎತ್ತಿಕೊಳ್ಳುವುದಿಲ್ಲ. ವೈರಿನ ಅಂಕಿಗೆ ಉತ್ತರ ಕೊಡಲೇಬೇಕು.

ಲ್ಯಾಬ್ ಮೇಷ್ಟ್ರು
ಶನಿವಾರ, ಸಂಜೆ 4:15

ಇಬ್ಬರೂ ಸರಿಯಾಗಿ ಹೇಳಿದಿರಿ. ತಪ್ಪು ಎಲ್ಲಿದೆ ಅಂತ ಗೊತ್ತಾಗುವುದಕ್ಕೇ ಡಬ್ಬದ ಬಾಯಲ್ಲಿ ವೈರ್ ಹಾಕಿ ಅಳೆಯುವುದು.

ತೋಟದಮನೆಯವರೇ, ಈಗ ಎರಡನೇ ಹೆಜ್ಜೆ. ಚಿಕ್ಕ ವೈರ್ ತೆಗೆದು, ಮೆತ್ತಿಗೆ ಹೋಗುವ ಉದ್ದದ ವೈರನ್ನು ಡಬ್ಬಕ್ಕೆ ಮತ್ತೆ ಹಾಕಿ. ಮೇಲೆ ಹೋಗಿ ಅದರ ಇನ್ನೊಂದು ತುದಿಯನ್ನು ಹಳೇ ರೂಟರಿನಿಂದ ಬಿಚ್ಚಿ, ನೇರ ಲ್ಯಾಪ್‌ಟಾಪ್‌ಗೆ ಸೇರಿಸಿ. ರೂಟರ್ ಪಕ್ಕಕ್ಕಿರಲಿ. ಎಷ್ಟು ಬರುತ್ತದೆ ಹೇಳಿ.

ಪಾಠದಲ್ಲಿ ಧ್ವನಿ ಕಡಿಯುವುದಕ್ಕೆ ಇನ್ನೊಂದು ಪರೀಕ್ಷೆ ಇದೆ. ನಿಮ್ಮವರು ಎಂದಿನ ಹಾಗೆ ವೈಫೈಯಲ್ಲಿ ಪಾಠ ಮಾಡುವ ಹೊತ್ತಿಗೆ, ಅದೇ ರೂಮಲ್ಲಿ ನಿಮ್ಮ ಲ್ಯಾಪ್‌ಟಾಪಿನಿಂದ ಜಗಲಿಯ ಡಬ್ಬಕ್ಕೆ ಪಿಂಗ್ ಹಾಕಿ ನೋಡುತ್ತಿರಿ. ಒಂದು ಚಿಕ್ಕ ಸಂದೇಶ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಅದು ತೋರಿಸುತ್ತದೆ. ಬಹಳ ಡಬ್ಬಗಳ ವಿಳಾಸ 192.168.1.1 ಇರುತ್ತದೆ, ಕೆಳಗೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತಾರೆ. ಈ ಪಿಂಗ್ ಇಂಟರ್ನೆಟ್‌ಗೆ ಹೋಗುವುದೇ ಇಲ್ಲ. ಮನೆಯೊಳಗೇ ಹೋಗಿ ಬರುತ್ತದೆ. ಅದರಲ್ಲೇ ಅಂಕಿ ಕುಣಿದರೆ ಧ್ವನಿ ಕಡಿಯುವುದಕ್ಕೂ ಕಾರಣ ಮನೆಯೊಳಗೇ ಇದೆ.

ಸ್ಟುಡಿಯೋ ಹುಬ್ಬಳ್ಳಿ
ಶನಿವಾರ, ಸಂಜೆ 5:00

ಮೇಷ್ಟ್ರೇ, ನಮಸ್ಕಾರ್ರೀ. ನನ್ನದು ಮದುವೆ ಫೋಟೋ, ವಿಡಿಯೋ ಕೆಲಸ. ಒಂದು ಮದುವೆ ಅಂದರೆ 120 ಜಿಬಿ ಆಗುತ್ತದೆ. ಸ್ಟುಡಿಯೋದಲ್ಲಿ ಎರಡು ಕಂಪ್ಯೂಟರ್. ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡಲು ಇಟ್ಟರೆ ಅರ್ಧ ದಿನ ಹೋಗುತ್ತದೆ. ಎರಡೂ ವೈಫೈಯಲ್ಲಿ ಇವೆ. ಈಗ 40 ಎಂಬಿಪಿಎಸ್ ಪ್ಲಾನ್ ಇದೆ. 200ಕ್ಕೆ ಏರಿಸಿದರೆ ಕಾಪಿ ಜಲ್ದಿ ಆಗುತ್ತದೇನ್ರೀ?

ಲ್ಯಾಬ್ ಮೇಷ್ಟ್ರು
ಶನಿವಾರ, ಸಂಜೆ 5:30

ಇಲ್ಲರೀ, ಒಂದು ಸೆಕೆಂಡೂ ಜಲ್ದಿ ಆಗುವುದಿಲ್ಲ. ಆ ಫೈಲ್ ನಿಮ್ಮ ಸ್ಟುಡಿಯೋ ಬಿಟ್ಟು ಹೊರಗೇ ಹೋಗುವುದಿಲ್ಲ. ನಂಬಿಕೆ ಬರದಿದ್ದರೆ ಕಾಪಿ ನಡೆಯುವಾಗ ರೂಟರಿನಿಂದ ಇಂಟರ್ನೆಟ್ ವೈರ್ ಮಾತ್ರ ಕಿತ್ತು ನೋಡಿ. ಕಾಪಿ ನಿಲ್ಲದೆ ನಡೆಯುತ್ತಿರುತ್ತದೆ.

ವೈಫೈಯಲ್ಲಿ ಯಾಕೆ ಅಷ್ಟು ನಿಧಾನ ಅಂದರೆ, ಗಾಳಿಯಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಮಾತಾಡಬೇಕು. ಕಟ್ಟೆ ಪಂಚಾಯ್ತಿ ಇದ್ದ ಹಾಗೆ. ಒಬ್ಬ ಮಾತು ಮುಗಿಸುವವರೆಗೆ ಉಳಿದವರು ಕಾಯಬೇಕು. ನಿಮ್ಮ ಮೊದಲ ಕಂಪ್ಯೂಟರ್ ಪ್ರತಿಯೊಂದು ತುಣುಕನ್ನೂ ರೂಟರಿಗೆ ಹೇಳುತ್ತದೆ. ರೂಟರ್ ಅದೇ ತುಣುಕನ್ನು ಎರಡನೇ ಕಂಪ್ಯೂಟರಿಗೆ ಮತ್ತೆ ಹೇಳುತ್ತದೆ. ಒಂದೇ ಮಾತು ಎರಡು ಸಲ ಗಾಳಿಯಲ್ಲಿ ಹೋಗುತ್ತದೆ. ವೇಗ ಅಲ್ಲೇ ಅರ್ಧ ಆಯಿತು.

ಈಗ ಲೆಕ್ಕ ನೋಡಿ. ಎರಡೂ ಕಂಪ್ಯೂಟರಿಗೆ ಗಿಗಾಬಿಟ್ ವೈರ್ ಹಾಕಿದರೆ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ. 120 ಜಿಬಿಗೆ 18-19 ನಿಮಿಷ. ಅದೇ ವೈರ್ 100ರಲ್ಲಿ ನಡೆದರೆ ಸೆಕೆಂಡಿಗೆ 11-12 ಎಂಬಿ, ಹತ್ತಿರ ಹತ್ತಿರ ಮೂರು ಗಂಟೆ. ಆ ವೈರುಗಳನ್ನು ಒಂದಕ್ಕೊಂದು ಸೇರಿಸುವ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಒಂದೇ ಸಲದ ಖರ್ಚು. ಕೊಳ್ಳುವಾಗ ಡಬ್ಬದ ಮೇಲೆ 10/100/1000 ಅಂತ ಇದೆಯೋ ನೋಡಿ. ಬರೀ 10/100 ಇದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಕಾಪಿ ಹೋಗುವ ಕಡೆ ಹಳೇ ಪೆನ್‌ಡ್ರೈವ್ ಇಟ್ಟುಕೊಂಡಿದ್ದರೆ ಮಾತ್ರ ಯಾವ ವೈರೂ ಉಪಯೋಗಕ್ಕೆ ಬರುವುದಿಲ್ಲ. ಆಗ ನಿಧಾನ ಮಾಡುವುದು ಪೆನ್‌ಡ್ರೈವೇ.

ಮದುವೆ ವಿಡಿಯೋ ಗಿರಾಕಿಗೆ ಆನ್‌ಲೈನಲ್ಲಿ ಕಳಿಸುವವರಾದರೆ ಪ್ಲಾನ್ ವಿಷಯ ಬೇರೆ. ಅಲ್ಲಿ ಅಪ್‌ಲೋಡ್ ವೇಗ ಬೇಕಾಗುತ್ತದೆ.

ತೋಟದಮನೆ
ಶನಿವಾರ, ರಾತ್ರಿ 8:20

ಎರಡೂ ಪರೀಕ್ಷೆ ಮಾಡಿದೆ.

ಉದ್ದದ ವೈರ್ ನೇರ ಲ್ಯಾಪ್‌ಟಾಪ್‌ಗೆ: 94. ಮತ್ತೆ ಮಾಡಿದೆ, 94. ಮತ್ತೂ 94. ಒಂದು ಅಂಕಿಯೂ ಆಚೀಚೆ ಆಗಲಿಲ್ಲ.

ಪಾಠದ ಹೊತ್ತಿನ ಪಿಂಗ್: 3, 4, 3, 181, 6, 240, 5, ನಡುವೆ ಒಂದು ಬರಲೇ ಇಲ್ಲ. ನೋಡುತ್ತಾ ಇದ್ದಾಗ ನನ್ನ ಫೋನು ತೋಟದ ಫೋಟೋಗಳನ್ನೆಲ್ಲ ಬ್ಯಾಕಪ್ ಮಾಡುತ್ತಿದೆ ಅಂತ ಗೊತ್ತಾಯಿತು. ಅದನ್ನು ನಿಲ್ಲಿಸಿದ ಮೇಲೆ ಅಂಕಿ ಒಂದು ಮಟ್ಟಕ್ಕೆ ಬಂತು. ಅವಳ ಪಾಠ ಕಡಿಯುತ್ತಿದ್ದದ್ದು ನನ್ನ ಫೋನಿನಿಂದ ಅಂತ ಗೊತ್ತಾದಾಗ ಬಹಳ ಬೇಜಾರಾಯಿತು.

ಲ್ಯಾಬ್ ಮೇಷ್ಟ್ರು
ಶನಿವಾರ, ರಾತ್ರಿ 8:45

ಬೇಜಾರು ಮಾಡಿಕೊಳ್ಳಬೇಡಿ, ಅರ್ಧ ಗಂಟು ಬಿಚ್ಚಿತು. ವಿಡಿಯೋ ಕಾಲ್‌ಗೆ 3-4 ಎಂಬಿಪಿಎಸ್ ಸಾಕು. 34 ಇದ್ದೂ ಅದು ಕಡಿಯುತ್ತಿದೆ ಅಂದರೆ ವೇಗ ಸಾಲದ್ದಕ್ಕಲ್ಲ, ಸರದಿ ಸಿಗದ್ದಕ್ಕೆ. ನಿಮ್ಮ ಫೋನ್ ದೊಡ್ಡ ಮೂಟೆ ಹೊತ್ತು ಬಾಗಿಲಲ್ಲಿ ನಿಂತಿತ್ತು, ಅವರ ಧ್ವನಿ ಹಿಂದೆ ಕಾಯುತ್ತಿತ್ತು. ಬ್ಯಾಕಪ್ಪನ್ನು ರಾತ್ರಿಗೆ ಇಡಿ.

ಈಗ 94. ಈ ಅಂಕಿ ಕಂಡರೆ ನನಗೆ ಹಳೇ ಪರಿಚಯದವರು ಸಿಕ್ಕ ಹಾಗೆ. 100 ಎಂಬಿಪಿಎಸ್‌ಗೆ ಕಟ್ಟಿಬಿದ್ದ ವೈರಿನಲ್ಲಿ ಖರ್ಚು ಕಳೆದು ಉಳಿಯುವುದು ಸರಿಯಾಗಿ ಅಷ್ಟೇ, 94-95. ವೈಫೈ ಅಂಕಿ ಹೀಗೆ ಮೊಳೆ ಹೊಡೆದ ಹಾಗೆ ನಿಲ್ಲುವುದಿಲ್ಲ. ಚಿಕ್ಕ ವೈರಲ್ಲಿ 288 ಬಂದಿದೆ, ಹಾಗಾಗಿ ಡಬ್ಬದ ಪೋರ್ಟೂ ಸರಿ, ಲ್ಯಾಪ್‌ಟಾಪಿನದೂ ಸರಿ. ಉದ್ದದ ವೈರ್ ಗಿಗಾಬಿಟ್‌ನಲ್ಲಿ ಮಾತಾಡುತ್ತಿಲ್ಲ.

ಲ್ಯಾನ್ ವೈರ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಸಾಮಾನ್ಯ ಜೋಡಣೆಯಲ್ಲಿ ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ನಾಲ್ಕೂ ಬೇಕು. ನೀಲಿ, ಕಂದು ಜೋಡಿಯಲ್ಲಿ ಒಂದೇ ಒಂದು ತಂತಿ ತುಂಡಾದರೂ ಎರಡು ಕಡೆಯ ಯಂತ್ರಗಳು 1000ದಲ್ಲಿ ಪ್ರಯತ್ನ ಮಾಡಿ, ಆಗದೆ, 100ಕ್ಕೆ ಇಳಿದು ಕೂರುತ್ತವೆ. ಕೆಲವು ಸಲ ಲಿಂಕೇ ಬರುವುದಿಲ್ಲ. ನಿಮ್ಮದು ಇಳಿದು ಕೂತಿದೆ. ಕೆಲಸ ನಡೆಯುತ್ತಿರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಎರಡು ತುದಿಯ ಕನೆಕ್ಟರನ್ನೂ ಬೆಳಕಿಗೆ ಹಿಡಿದು ನೋಡಿ.

ಜಯನಗರದವ
ಶನಿವಾರ, ರಾತ್ರಿ 9:10

ಅದಕ್ಕೇ ಸರ್ ನಾನು ಮೆಶ್ ಅಂದದ್ದು. ವೈರಿನ ಗೋಜೇ ಇರುವುದಿಲ್ಲ. ನನಗೆ ನಿಜವಾಗಲೂ ಚೆನ್ನಾಗಿ ಕೆಲಸ ಮಾಡುತ್ತಿದೆ.

ಲ್ಯಾಬ್ ಮೇಷ್ಟ್ರು
ಶನಿವಾರ, ರಾತ್ರಿ 9:30

ನಿಮ್ಮ ಮನೆಯಲ್ಲಿ ಚೆನ್ನಾಗಿದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಫ್ಲ್ಯಾಟಿನ ಒಳಗೋಡೆ ತೆಳು, ರೂಮುಗಳು ಅಕ್ಕಪಕ್ಕ. ಮೆಶ್‌ನ ಒಂದು ಡಬ್ಬ ಇನ್ನೊಂದಕ್ಕೆ ವೈಫೈಯ ವೇಗದ ತರಂಗವಾದ 5 ಗಿಗಾಹರ್ಟ್ಸ್‌ನಲ್ಲಿ ಸಲೀಸಾಗಿ ಮಾತಾಡುತ್ತದೆ. ಒಂದೂವರೆ ಅಡಿಯ ಎರಡು ಮಣ್ಣಿನ ಗೋಡೆ ನಡುವೆ ಬಂದರೆ ಆ ಡಬ್ಬಗಳಿಗೇ ಒಂದರ ದನಿ ಇನ್ನೊಂದಕ್ಕೆ ಕೇಳುವುದಿಲ್ಲ. 2.4 ಗಿಗಾಹರ್ಟ್ಸ್ ಗೋಡೆಯನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ, ಆದರೆ ಅದರಲ್ಲಿ ಜಾಗವೇ ಕಡಿಮೆ. ಒಂದರ ಮೇಲೊಂದು ಬೀಳದ ಚಾನೆಲ್ ಅಂದರೆ 1, 6, 11 ಮೂರೇ. ನೀವು ಜಯನಗರದಲ್ಲಿ ಫೋನ್ ತೆರೆದರೆ ಅಕ್ಕಪಕ್ಕದವರ ಹತ್ತು ಹದಿನೈದು ವೈಫೈ ಕಾಣುತ್ತವೆ ಅಲ್ವಾ? ಎಲ್ಲರೂ ಆ ಮೂರರಲ್ಲೇ ಹೊಂದಿಕೊಳ್ಳಬೇಕು. ಶಿರಸಿಯ ತೋಟದ ನಡುವೆ ಆ ಗಲಾಟೆ ಇಲ್ಲ, ಅಲ್ಲಿನ ತೊಂದರೆ ಗೋಡೆ. ವೈರ್ ಆಗಲೇ ಎಳೆದಿರುವಾಗ ಅದನ್ನು ಸರಿ ಮಾಡುವುದೇ ಒಳ್ಳೆಯದು.

ಜಯನಗರದವ
ಶನಿವಾರ, ರಾತ್ರಿ 9:36

ಸರಿ ಮೇಷ್ಟ್ರೇ, ಮಣ್ಣಿನ ಗೋಡೆಯ ಮಾತು ನನಗೆ ಹೊಳೆದಿರಲಿಲ್ಲ. ಒಪ್ಪಿದೆ.

ತೋಟದಮನೆ
ಭಾನುವಾರ, ಮಧ್ಯಾಹ್ನ 12:15

ಸಿಕ್ಕಿತು!

ಮೆತ್ತಿನ ತುದಿಯ ಕನೆಕ್ಟರ್ ಸರಿಯಾಗೇ ಇತ್ತು. ಜಗಲಿಯ ತುದಿಯದನ್ನು ತೆಗೆದು ಕಿಟಕಿ ಹತ್ತಿರ ಹಿಡಿದೆ. ಪಾರದರ್ಶಕ ಪ್ಲಾಸ್ಟಿಕ್ ಒಳಗೆ ಎಂಟು ಬಣ್ಣ ಕಾಣುತ್ತವೆ. ಏಳು ತಂತಿ ಮುಂದಿನ ಗೋಡೆಗೆ ತಾಗಿ ನಿಂತಿವೆ. ಕೊನೆಯ ಕಂದು ತಂತಿ ಒಂದು ಅಕ್ಕಿ ಕಾಳಿನ ಅರ್ಧದಷ್ಟು ಹಿಂದೆ ಉಳಿದುಬಿಟ್ಟಿದೆ. ಮೇಲಿನ ಹಿತ್ತಾಳೆ ಬಣ್ಣದ ಹಲ್ಲು ಕೆಳಗಿಳಿದಿದೆ, ಆದರೆ ಅದು ಕಚ್ಚಿರುವುದು ಬರೀ ಗಾಳಿಯನ್ನು. ಮೂರು ವರ್ಷದಿಂದ ಹಾಗೇ ಇತ್ತು. ಆಗ ನಮ್ಮ ಪ್ಲಾನ್ 50. ಹಾಗಾಗಿ 94ರ ತಡೆ ನನಗೆ ಎಂದೂ ತಾಗಲೇ ಇಲ್ಲ. ಮೇಷ್ಟ್ರು ಹೇಳಿದ ಹಳೇ ಅಭ್ಯಾಸದ ಮಾತು ನನಗೇ ಹೇಳಿದ ಹಾಗಾಯಿತು.

ಕೇಬಲ್ ಹುಡುಗನಿಗೆ ನಿನ್ನೆ ಫೋನ್ ಮಾಡಿ ತಪ್ಪಾಯಿತು ಅಂದಿದ್ದೆ. ಇವತ್ತು ಅವನೇ ಕನೆಕ್ಟರ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಹಿಡಿದು ಬಂದ. ಹಳೇ ಕನೆಕ್ಟರ್ ಕತ್ತರಿಸಿ, ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು ಅಂತ ಬಾಯಲ್ಲಿ ಹೇಳುತ್ತಾ ಸಾಲಾಗಿ ಜೋಡಿಸಿದ. ತುದಿಯನ್ನು ಸಮಕ್ಕೆ ಕತ್ತರಿಸಿ ಒಳಗೆ ತಳ್ಳಿ, ನನಗೆ ತೋರಿಸಿ, ಆಮೇಲೆ ಒತ್ತಿದ. ಲ್ಯಾಪ್‌ಟಾಪಲ್ಲಿ ಲಿಂಕ್ ಸ್ಪೀಡ್ 1000/1000 ಅಂತ ಬಂತು. ಟೆಸ್ಟ್ ಮಾಡಿದರೆ ಮೆತ್ತಿನಲ್ಲೇ 286. ಇಬ್ಬರೂ ಕಾಫಿ ಕುಡಿದೆವು.

ಆದರೆ ಮೇಷ್ಟ್ರೇ, ಹಳೇ ರೂಟರ್ ಮತ್ತೆ ಸೇರಿಸಿ, ಅದರ ಪೋರ್ಟಿನಿಂದ ಲ್ಯಾಪ್‌ಟಾಪ್‌ಗೆ ವೈರ್ ಕೊಟ್ಟರೆ ಮತ್ತೆ 94! ವೈಫೈಯಲ್ಲಿ ಫೋನಿಗೆ ಅದೇ 34. ರೂಟರಿನ ಡಬ್ಬದ ಮೇಲೆ 300 ಅಂತ ದೊಡ್ಡದಾಗಿ ಬರೆದಿದೆ.

ಲ್ಯಾಬ್ ಮೇಷ್ಟ್ರು
ಭಾನುವಾರ, ಮಧ್ಯಾಹ್ನ 1:00

ಕಂದು ತಂತಿಯ ಸುದ್ದಿ ಓದಿ ಬಹಳ ಖುಷಿಯಾಯಿತು. ಆ ಹುಡುಗನಿಗೆ ನನ್ನ ಕಡೆಯಿಂದಲೂ ಶಹಬ್ಬಾಸ್ ಹೇಳಿ.

ಇನ್ನು ರೂಟರಿನ ವಿಷಯ. ಡಬ್ಬದ ಮೇಲಿನ 300 ವೈಫೈಯ ಗರಿಷ್ಠ ಲೆಕ್ಕ. 2.4 ಗಿಗಾಹರ್ಟ್ಸ್‌ನಲ್ಲಿ ಎರಡು ಆಂಟೆನಾ, ಎರಡು ಪಟ್ಟು ಅಗಲದ ಚಾನೆಲ್ ಎಲ್ಲ ಕೂಡಿಬಂದರೆ ಆಗುವ ಅಂಕಿ. ನಿಮ್ಮ ಫೋನ್ ಮಾಮೂಲಿ ಚಾನೆಲ್‌ನಲ್ಲಿ ಒಂದೇ ಆಂಟೆನಾದಲ್ಲಿ ಮಾತಾಡಿದರೆ ಲಿಂಕ್ ಆಗುವುದೇ 72ಕ್ಕೆ. ಸರದಿ ಕಾಯುವುದು, ಸಿಕ್ಕಿತು ಅಂತ ಮರು ಉತ್ತರ ಕೊಡುವುದು ಎಲ್ಲ ಕಳೆದರೆ ಸುಮಾರು ಅರ್ಧ ಕೈಗೆ ಬರುತ್ತದೆ. ನಿಮ್ಮ 34ರ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ಹಿಂದಿನ ಪೋರ್ಟುಗಳು 100ರವು, ಹಾಗಾಗಿ ವೈರಲ್ಲಿ 94. ಇದು ಬಹಳ ಜನ ಮೋಸಹೋಗುವ ಜಾಗ. ಎಸಿ 1200 ಅಂತ ಬರೆದ ರೂಟರಿನಲ್ಲೂ ಪೋರ್ಟ್ ಬರೀ 100ರದ್ದು ಇರುತ್ತದೆ, ಎಷ್ಟೋ ಮಾಡೆಲ್ ಹಾಗೇ ಬಂದಿವೆ. 1200 ಅನ್ನುವುದು 2.4ರ 300ನ್ನೂ 5 ಗಿಗಾಹರ್ಟ್ಸ್‌ನ 867ನ್ನೂ ಕೂಡಿಸಿ ಹತ್ತಿರದ ನೂರಕ್ಕೆ ಏರಿಸಿದ ಸಂಖ್ಯೆ. ಒಂದು ಫೋನ್ ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ಕಡೆ ಸೇರುತ್ತದೆ. ಆ 1200ರ ಹಿಂದೆ 100ರ ಪೋರ್ಟ್ ಇದ್ದರೆ ಇಂಟರ್ನೆಟ್ 94 ದಾಟುವುದಿಲ್ಲ. ಡಬ್ಬದ ಮುಂದೆ ಬರೆದದ್ದನ್ನು ಬಿಡಿ, ಹಿಂದೆ ಸಣ್ಣ ಅಕ್ಷರದಲ್ಲಿ ಗಿಗಾಬಿಟ್ ಪೋರ್ಟ್ ಅಂತ ಇದೆಯೋ ನೋಡಿ ತನ್ನಿ.

ತಂದ ಮೇಲೆ ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇಡಿ. ಆಗ ವಿಳಾಸ ಹಂಚುವ ಕೆಲಸ ಜಗಲಿಯ ಡಬ್ಬ ಒಂದೇ ಮಾಡುತ್ತದೆ, ಮೇಲಿನದು ವೈಫೈ ಮಾತ್ರ ಕೊಡುತ್ತದೆ. ನಿಮ್ಮವರ ಪಾಠದ ಕಂಪ್ಯೂಟರಿಗೆ ಅಲ್ಲಿಂದ ಒಂದು ವೈರ್ ಕೊಟ್ಟುಬಿಡಿ. ಆಮೇಲೆ ಯಾರ ಫೋನು ಗಾಳಿಯಲ್ಲಿ ಏನು ಮಾಡಿದರೂ ಅವರ ಧ್ವನಿಗೆ ಅಡ್ಡ ಬರುವುದು ಬಹಳ ಕಡಿಮೆ.

ಲೈನ್‌ಮನ್ ಹಾಸನ
ಭಾನುವಾರ, ಮಧ್ಯಾಹ್ನ 1:40

ಅಣ್ಣ, ಇನ್ನೊಂದು ಮಾತು. ನಿಮ್ಮದು ಮಲೆನಾಡು. ಗುಡುಗು ಶುರುವಾದರೆ ಡಬ್ಬದ ಕರೆಂಟ್ ಪ್ಲಗ್ ಕಿತ್ತಿಡಿ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಅದರ ಆಸರೆಗೆ ಎಷ್ಟೋ ಕಡೆ ಉಕ್ಕಿನ ತಂತಿ ಇರುತ್ತದೆ. ಸಿಡಿಲಿನ ಹೊಡೆತ ಕರೆಂಟ್ ಲೈನಿನಿಂದಲೂ ಬರುತ್ತದೆ. ಒಮ್ಮೆ ಬಂದರೆ ಲ್ಯಾನ್ ವೈರ್ ಹಿಡಿದು ಮೆತ್ತಿನ ರೂಟರ್, ಕಂಪ್ಯೂಟರ್ ತನಕ ಹೋಗುತ್ತದೆ. ಆ ತಾಮ್ರದ ವೈರನ್ನೂ ಡಬ್ಬದಿಂದ ಬಿಚ್ಚಿಡಿ. ಮಳೆಗಾಲದಲ್ಲಿ ನಾನು ಬದಲಾಯಿಸುವ ಡಬ್ಬಗಳು ಬಹಳಷ್ಟು ಸಿಡಿಲಿಗೆ ಸುಟ್ಟವೇ.

ಸ್ಟುಡಿಯೋ ಹುಬ್ಬಳ್ಳಿ
ಸೋಮವಾರ, ಸಂಜೆ 6:10

ಮೇಷ್ಟ್ರೇ, ಗಿಗಾಬಿಟ್ ಸ್ವಿಚ್ ತಂದು ಎರಡೂ ಕಂಪ್ಯೂಟರಿಗೆ ವೈರ್ ಹಾಕಿದೆ. 118 ಜಿಬಿ, 21 ನಿಮಿಷ! ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. 40ರ ಪ್ಲಾನ್ ಹಾಗೇ ಇಟ್ಟಿದ್ದೇನ್ರೀ.

ತೋಟದಮನೆ
ಮಂಗಳವಾರ, ರಾತ್ರಿ 8:30

ನಿನ್ನೆ ಶಿರಸಿಗೆ ಹೋಗಿ ಗಿಗಾಬಿಟ್ ಪೋರ್ಟಿನ ರೂಟರ್ ತಂದೆ. ಅಂಗಡಿಯವರು ಮೊದಲು ಬೇರೆ ಒಂದು ಕೊಟ್ಟರು. ಹಿಂದೆ ತಿರುಗಿಸಿ ಓದಿದೆ, 10/100 ಅಂತ ಇತ್ತು. ಬೇಡ ಅಂದೆ.

ಮೆತ್ತಿನ ರೂಮಲ್ಲಿ ಈಗ ಫೋನಿಗೆ 5 ಗಿಗಾಹರ್ಟ್ಸ್ ವೈಫೈಯಲ್ಲಿ 260ರಿಂದ 275. ಪಾಠದ ಕಂಪ್ಯೂಟರಿಗೆ ವೈರ್. ಇವತ್ತು ಸಂಜೆ ಪಾಠ ನಡೆಯುವಾಗ ಡಬ್ಬಕ್ಕೆ ಪಿಂಗ್ ಹಾಕಿ ಕೂತೆ. ಎಲ್ಲವೂ ಒಂದು ಮಿಲಿಸೆಕೆಂಡಿನ ಒಳಗೆ, ಒಂದೂ ತಪ್ಪಲಿಲ್ಲ. ಜಂಟಿ ವರಸೆ ಮೂರು ಕಾಲದಲ್ಲಿ ಹೇಳಿಸಿದಳು. ಎಲ್ಲೂ ಕಡಿಯಲಿಲ್ಲ.

500ರ ಪ್ಲಾನ್ ಬೇಡ ಅಂತ ಕಸ್ಟಮರ್ ಕೇರ್‌ಗೆ ಹೇಳಿದ್ದೇನೆ. ಆ ಕತ್ತರಿಸಿದ ಕನೆಕ್ಟರನ್ನು ಇನ್ನೂ ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ ಮೇಷ್ಟ್ರೇ.

ಲ್ಯಾಬ್ ಮೇಷ್ಟ್ರು
ಮಂಗಳವಾರ, ರಾತ್ರಿ 9:05

ದಯವಿಟ್ಟು ಅದನ್ನು ಎಸೆಯಬೇಡಿ. ನಮ್ಮ ಹುಡುಗರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇನೆ, ಆದರೆ ಕೈಯಲ್ಲಿ ಹಿಡಿದು ನೋಡಿದ ಹಾಗೆ ಆಗುವುದಿಲ್ಲ. ಲ್ಯಾಬಿಗೆ ಕಳಿಸಿಕೊಡುತ್ತೀರಾ? ವಿಳಾಸವನ್ನು ಬೇರೆಯಾಗಿ ಮೆಸೇಜ್ ಮಾಡುತ್ತೇನೆ.

ತೋಟದಮನೆ
ಮಂಗಳವಾರ, ರಾತ್ರಿ 9:12

ಖಂಡಿತ ಮೇಷ್ಟ್ರೇ. ನಾಳೆ ಪೋಸ್ಟಿಗೆ ಹಾಕುತ್ತೇನೆ. ಕಂದು ತಂತಿ ಯಾವ ಕಡೆ ಅಂತ ಪೆನ್ನಲ್ಲಿ ಗುರುತು ಮಾಡಿ ಕಳಿಸುತ್ತೇನೆ.